ಮಗ್ಗಿಯಾದ ಕಾಲಗಳು

ನಮ್ಮ ಶಾಲೆಗಳಲ್ಲಿ ರಾಗವಾಗಿ ಹೇಳಿಸುತ್ತಿದ್ದ ಪಾಠಗಳು ಎರಡು. ಒಂದು ಮಗ್ಗಿ, ಇನ್ನೊಂದು ‘ಗೋ ವೆಂಟ್ ಗಾನ್’. ಮಗ್ಗಿ ಅಂಗಡಿಯಲ್ಲಿ, ಸಂತೆಯಲ್ಲಿ, ಕೂಲಿಯ ಲೆಕ್ಕದಲ್ಲಿ ಉಪಯೋಗಕ್ಕೆ ಬರುತ್ತಿತ್ತು. ‘ಗೋ ವೆಂಟ್ ಗಾನ್’ ಮಾತ್ರ ಪರೀಕ್ಷೆಯ ಕೊಠಡಿ ದಾಟಿ ಆಚೆಗೆ ಬರುತ್ತಿರಲಿಲ್ಲ. ಆದರೂ ಅದನ್ನು ಕಲಿಯದವನಿಗೆ ಮುಂದಿನ ದಾರಿ ಇರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷು ಎರಡೂ ಹುಡುಗರನ್ನು ಸೋಸುವ ಜರಡಿಗಳು. ಗಣಿತದಲ್ಲಿ ಹೋದವನು ‘ಲೆಕ್ಕ ತಲೆಗೆ ಹತ್ತಲಿಲ್ಲ’ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಇಂಗ್ಲಿಷಿನಲ್ಲಿ ಹೋದವನು ಮಾತ್ರ ತನ್ನನ್ನು ತಾನೇ ದಡ್ಡನೆಂದು ತೀರ್ಮಾನಿಸಿಬಿಡುತ್ತಿದ್ದ.

ತಿಪಟೂರಿನ ಕಡೆಯ ಒಂದು ಹಳ್ಳಿಯಲ್ಲಿ, ಐದನೆಯ ತರಗತಿಯಲ್ಲಿ ಎ ಬಿ ಸಿ ಡಿ ತಿದ್ದಲು ತೊಡಗಿದ ನಾನು ಮುಂದೆ ಮೂವತ್ತೈದು ವರ್ಷ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಹೇಳಿದೆ. ಹಾಗಾಗಿ ಈ ಜರಡಿಯನ್ನು ಕೆಳಗಿನಿಂದಲೂ ನೋಡಿದ್ದೇನೆ, ಮೇಲಿನಿಂದಲೂ ಹಿಡಿದು ಆಡಿಸಿದ್ದೇನೆ. ಇಷ್ಟು ವರ್ಷದ ಮೇಲೆ ನನಗೆ ಕುತೂಹಲವಾಗಿ ಉಳಿದಿರುವ ಪ್ರಶ್ನೆ ಒಂದೇ. ಹುಟ್ಟಿನಿಂದ ಕನ್ನಡ ಆಡುವ ಮಗುವಿಗೆ ನಿನ್ನೆ ಯಾವುದು, ನಾಳೆ ಯಾವುದು, ಮುಗಿದದ್ದು ಯಾವುದು, ನಡೆಯುತ್ತಿರುವುದು ಯಾವುದು ಎಂಬುದು ತಿಳಿಯದೆ? ತಿಳಿದೇ ಇರುವುದನ್ನು ತಿಳಿಯದ ವಿಷಯವೆಂಬಂತೆ ನಾವು ನೂರೈವತ್ತು ವರ್ಷ ಉರು ಹೊಡೆಸಿದೆವಲ್ಲ, ಇದು ಹೇಗೆ ಬಂತು?

ಉರು ಹೊಡೆಯುವುದನ್ನು ನಮಗೆ ಇಂಗ್ಲಿಷರು ಕಲಿಸಿದರೆಂದು ಹೇಳಲು ಬರುವುದಿಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಸರ್ಕಾರಕ್ಕೆ ಒಂದು ವರದಿ ಕಳಿಸಿದ. ಆಗ ಆ ಜಿಲ್ಲೆಯಲ್ಲಿ 533 ಊರ ಶಾಲೆಗಳಿದ್ದವು. ಮಿತವ್ಯಯದಲ್ಲಿ, ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವ ಕ್ರಮದಲ್ಲಿ ಅವು ಮೆಚ್ಚತಕ್ಕವೆಂದು ಆತ ಬರೆದ. ಜೊತೆಗೆ ಒಂದು ದೂರನ್ನೂ ಸೇರಿಸಿದ. ಮಕ್ಕಳು ಪದ್ಯಗಳನ್ನು ಪುಂಖಾನುಪುಂಖವಾಗಿ ಒಪ್ಪಿಸುತ್ತಾರೆ, ಆದರೆ ಅರ್ಥ ಕೇಳಿದರೆ ಗಿಳಿಗೆ ಗೊತ್ತಿರುವಷ್ಟೇ ಗೊತ್ತು ಎಂಬುದು ಅದರ ಸಾರಾಂಶ. ಆಡುವ ಭಾಷೆ ಒಂದು, ಪದ್ಯದ ಭಾಷೆ ಇನ್ನೊಂದು ಆದದ್ದೇ ಇದಕ್ಕೆ ಕಾರಣವೆಂದೂ ಆತ ಕಂಡುಕೊಂಡಿದ್ದ. ತಮಾಷೆಯೆಂದರೆ, ಅದಾದ ಮೇಲೆ ಬಂದ ಇಂಗ್ಲಿಷ್ ಶಾಲೆಗಳು ಆ ಗಿಳಿಯನ್ನು ಹಾರಿಬಿಡಲಿಲ್ಲ. ಪಂಜರ ಬದಲಾಯಿಸಿದವು, ಅಷ್ಟೆ.

ಇಂಗ್ಲಿಷ್ ವ್ಯಾಕರಣದ ಕಥೆಯೂ ಸ್ವಾರಸ್ಯದ್ದೇ. ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಲಿಂಡ್ಲಿ ಮರ್ರೆ ಎಂಬ ವಕೀಲ 1795ರಲ್ಲಿ ಯಾರ್ಕ್ ಪಟ್ಟಣದ ಒಂದು ಹೆಣ್ಣುಮಕ್ಕಳ ಶಾಲೆಗಾಗಿ ವ್ಯಾಕರಣವೊಂದನ್ನು ಬರೆದ. ಅದು ಲೆಕ್ಕವಿಲ್ಲದಷ್ಟು ಸಲ ಅಚ್ಚಾಗಿ ಇಂಗ್ಲಿಷ್ ಓದುವ ದೇಶಗಳನ್ನೆಲ್ಲ ಸುತ್ತಿತು. ಲ್ಯಾಟಿನ್ ವ್ಯಾಕರಣದ ಅಚ್ಚಿಗೆ ಇಂಗ್ಲಿಷನ್ನು ಒತ್ತಿ ಆತ ತೆಗೆದ ಕಾಲಗಳು ಆರು. ನಿಜ ಹೇಳಬೇಕೆಂದರೆ ಇಂಗ್ಲಿಷ್ ಕ್ರಿಯಾಪದ ತನ್ನ ರೂಪ ಬದಲಾಯಿಸಿ ತೋರಿಸುವ ಕಾಲಗಳು ಎರಡೇ, ವರ್ತಮಾನ ಮತ್ತು ಭೂತ. ‘ಗೋ’, ‘ವೆಂಟ್’, ಮುಗಿಯಿತು. ಮಿಕ್ಕದ್ದೆಲ್ಲ ‘ವಿಲ್’, ‘ಹ್ಯಾವ್’, ‘ಬಿ’ ಮುಂತಾದ ಸಹಾಯಕರ ಕೆಲಸ. ಆದರೆ ಪಾಠ ಹೇಳುವವರಿಗೆ ಕೋಷ್ಟಕ ಬೇಕು. ಕೋಷ್ಟಕಕ್ಕೆ ಮನೆಗಳು ತುಂಬಬೇಕು.

1835ರಲ್ಲಿ ಮೆಕಾಲೆಯ ಟಿಪ್ಪಣಿ, 1854ರಲ್ಲಿ ಚಾರ್ಲ್ಸ್ ವುಡ್ಡನ ಆಜ್ಞಾಪತ್ರ, 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸಿನ ವಿಶ್ವವಿದ್ಯಾನಿಲಯಗಳು, ಹೀಗೆ ಒಂದರ ಹಿಂದೆ ಒಂದು ಬಂದವು. ವಿಶ್ವವಿದ್ಯಾನಿಲಯದ ಜೊತೆಗೆ ಮೆಟ್ರಿಕ್ಯುಲೇಶನ್ ಪರೀಕ್ಷೆ ಬಂತು, ಪರೀಕ್ಷೆಯ ಜೊತೆಗೆ ವ್ಯಾಕರಣದ ಪ್ರಶ್ನೆಪತ್ರಿಕೆ. ಉತ್ತರದ ಪ್ರಾಂತ್ಯಗಳಲ್ಲಿ ವಿದ್ಯಾ ಇಲಾಖೆಯ ಮುಖ್ಯಸ್ಥನಾಗಿದ್ದ ಜೆ. ಸಿ. ನೆಸ್‌ಫೀಲ್ಡ್ 1890ರ ದಶಕದಲ್ಲಿ ಪ್ರಕಟಿಸಿದ ವ್ಯಾಕರಣಗಳು ಭಾರತದ ಹುಡುಗರ ಅಗತ್ಯ ನೋಡಿಕೊಂಡೇ ಬರೆದವು. ವರ್ತಮಾನ, ಭೂತ, ಭವಿಷ್ಯತ್ ಮೂರಕ್ಕೂ ನಾಲ್ಕು ನಾಲ್ಕು ರೂಪ ಹಚ್ಚಿ ಆತ ಹನ್ನೆರಡರ ಲೆಕ್ಕ ಪೂರೈಸಿದ. ಅವನ ನಂತರ ಬಂದವರು ರೆನ್ ಮತ್ತು ಮಾರ್ಟಿನ್. ಪಿ. ಸಿ. ರೆನ್ ಧಾರವಾಡ, ಬೆಳಗಾವಿಗಳನ್ನೂ ಒಳಗೊಂಡಿದ್ದ ಮುಂಬಯಿ ಪ್ರಾಂತ್ಯದ ವಿದ್ಯಾ ಇಲಾಖೆಯಲ್ಲಿ ಕೆಲಸ ಮಾಡಿದವನು. ಹೊರಗಿನ ಜಗತ್ತಿಗೆ ಅವನ ಪರಿಚಯ ‘ಬೋ ಜೆಸ್ಟ್’ ಎಂಬ 1924ರ ಸಾಹಸದ ಕಾದಂಬರಿಯಿಂದ. ನಮಗೆ ಅವನು ಮರುಭೂಮಿಯ ಸಿಪಾಯಿಗಳ ಕಥೆಗಾರನಲ್ಲ, ‘ಫಿಲ್ ಇನ್ ದ ಬ್ಲ್ಯಾಂಕ್ಸ್’ನ ಒಡೆಯ. 1930ರ ದಶಕದಲ್ಲಿ ಬಂದ ಆ ಪುಸ್ತಕ ಪರಿಷ್ಕಾರಗೊಳ್ಳುತ್ತ ಇಂದಿಗೂ ಮಾರಾಟವಾಗುತ್ತಿದೆ. ನನ್ನ ಕಾಲದ ಮೇಷ್ಟ್ರುಗಳ ಕಪಾಟಿನಲ್ಲಿ ಪಂಚಾಂಗದ ಪಕ್ಕದಲ್ಲಿ ಅದಕ್ಕೆ ಜಾಗ.

ಆ ಹನ್ನೆರಡು ಮನೆಯ ಕೋಷ್ಟಕವನ್ನು ಒಮ್ಮೆ ನೆನಪಿಸಿಕೊಳ್ಳಿ. ಅಲ್ಲಿ ಒಂದು ವಸ್ತು ಇಲ್ಲ. ‘ನಾವು ದಿನಾ ಕೆರೆಗೆ ಹೋಗುತ್ತಿದ್ದೆವು’ ಎಂಬ ಮಾತಿಗೆ ಅಲ್ಲಿ ಮನೆಯೇ ಇಲ್ಲ. ಹಿಂದೆ ರೂಢಿಯಾಗಿ ನಡೆಯುತ್ತಿದ್ದು ಈಗ ನಿಂತುಹೋದದ್ದನ್ನು ಹೇಳಲು ಇಂಗ್ಲಿಷಿನವರು ‘ಯೂಸ್ಡ್ ಟು’ ಎನ್ನುತ್ತಾರೆ. ಮನುಷ್ಯ ಹಳೆಯದನ್ನು ಹೇಳತೊಡಗಿದರೆ ಹತ್ತರಲ್ಲಿ ಎಂಟು ವಾಕ್ಯ ಇದೇ ಜಾತಿಯವು. ಅದು ಮಾತ್ರ ಪುಸ್ತಕದ ಹಿಂದಿನ ಪುಟಗಳಲ್ಲೆಲ್ಲೋ, ಸಹಾಯಕ ಕ್ರಿಯಾಪದಗಳ ಗುಂಪಿನಲ್ಲಿ, ನೆಂಟರ ಮನೆಯಲ್ಲಿ ಉಳಿದುಕೊಂಡ ಬಡ ಹುಡುಗನ ಹಾಗೆ ಮೂಲೆಯಲ್ಲಿ ಕುಳಿತಿರುತ್ತಿತ್ತು.

ನನಗೆ ಇದರ ಗುಟ್ಟು ಬಿಡಿಸಿದವರು ಹೈಸ್ಕೂಲಿನ ನಮ್ಮ ಮೇಷ್ಟ್ರು. ಕಚ್ಚೆಪಂಚೆ, ಮುಚ್ಚಿದ ಕೋಟು, ಕೋಟಿನ ಜೇಬಿನಲ್ಲಿ ಸದಾ ಸೀಮೆಸುಣ್ಣದ ಪುಡಿ. ಅವರು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಮೂರು ಕನ್ನಡ ವಾಕ್ಯ ಬರೆದರು. ‘ಕೆರೆಗೆ ಹೋಗುತ್ತಿದ್ದೆ, ಹಾವು ಅಡ್ಡ ಬಂತು.’ ‘ಚಿಕ್ಕವನಿದ್ದಾಗ ದಿನಾ ಕೆರೆಗೆ ಹೋಗುತ್ತಿದ್ದೆ.’ ‘ನೀನು ಕರೆದಿದ್ದರೆ ಕೆರೆಗೆ ಹೋಗುತ್ತಿದ್ದೆ.’ ಮೂರರಲ್ಲೂ ‘ಹೋಗುತ್ತಿದ್ದೆ’ ಒಂದೇ. ಆದರೆ ಮೊದಲನೆಯದರಲ್ಲಿ ನಾನು ದಾರಿಯಲ್ಲಿದ್ದೇನೆ. ಎರಡನೆಯದರಲ್ಲಿ ನೂರು ಸಲ ಹೋಗಿ ಬಂದಿದ್ದೇನೆ. ಮೂರನೆಯದರಲ್ಲಿ ಹೋಗಿಯೇ ಇಲ್ಲ. “ನಿಮ್ಮಮ್ಮ ಈ ಮೂರನ್ನೂ ಹೇಳಿದರೆ ನಿಮಗೆ ಗೊಂದಲ ಆಗುತ್ತೇನ್ರೋ?” ಎಂದು ಕೇಳಿದರು. ಯಾರಿಗೂ ಆಗುತ್ತಿರಲಿಲ್ಲ. “ಹಾಗಾದರೆ ಇಂಗ್ಲಿಷಿನವನು ಈ ಮೂರಕ್ಕೂ ಬೇರೆ ಬೇರೆ ಅಂಗಿ ತೊಡಿಸುತ್ತಾನೆ. ಅಷ್ಟನ್ನು ತಿಳಕೊಳ್ಳಿ” ಎಂದು ‘ವಾಸ್ ಗೋಯಿಂಗ್’, ‘ಯೂಸ್ಡ್ ಟು ಗೋ’, ‘ವುಡ್ ಹ್ಯಾವ್ ಗಾನ್’ ಎಂದು ಎದುರಿಗೆ ಬರೆದರು. ಹದಿನೈದು ನಿಮಿಷದ ಪಾಠ. ಅದಕ್ಕೆ ಮೊದಲು ಎರಡು ವರ್ಷ ನಾವು ಕಂಠಪಾಠ ಮಾಡಿದ್ದಕ್ಕೆ ಅಂದು ಅರ್ಥ ಬಂತು.

ಈ ಒಂದು ಮೂಲೆಯಲ್ಲಿ ಎರಡು ಭಾಷೆಗಳೂ ಎಷ್ಟು ಹತ್ತಿರ ಬರುತ್ತವೆಂಬುದು ನನಗೆ ತಿಳಿದದ್ದು ನಾನೇ ಪಾಠ ಹೇಳತೊಡಗಿದ ಮೇಲೆ. ಕನ್ನಡದ ‘ಹೋಗುತ್ತಿದ್ದೆ’ ಹಿಂದಿನ ರೂಢಿಗೂ ಆಗುತ್ತದೆ, ಆಗದೆಹೋದ ಸಂಗತಿಗೂ ಆಗುತ್ತದೆ. ಇಂಗ್ಲಿಷಿನ ‘ವುಡ್’ ಕೂಡ ಹಾಗೆಯೇ. ‘ಅಜ್ಜ ಸಂಜೆ ಜಗಲಿಯ ಮೇಲೆ ಕೂರುತ್ತಿದ್ದ’ ಎನ್ನುವುದಕ್ಕೂ ‘ಬದುಕಿದ್ದರೆ ಇವತ್ತು ಕೂರುತ್ತಿದ್ದ’ ಎನ್ನುವುದಕ್ಕೂ ಅವರಲ್ಲಿಯೂ ‘ವುಡ್’ ಒದಗುತ್ತದೆ. ನಮ್ಮ ಹಳೆಯ ಕಥೆಗಳಲ್ಲಿ ‘ಅವಳು ಬೆಳಗಾಗೆದ್ದು ರಾಗಿ ಬೀಸುವಳು, ಹಟ್ಟಿ ಗುಡಿಸುವಳು’ ಎಂದು ಭವಿಷ್ಯತ್ತಿನ ರೂಪದಲ್ಲಿ ನಿತ್ಯದ ನಡತೆಯನ್ನು ಹೇಳುವುದುಂಟು. ‘ವಿಲ್’ ಎಂಬುದರ ಭೂತರೂಪವೇ ‘ವುಡ್’ ಎಂದು ನೆನೆದರೆ ಅಲ್ಲಿಯೂ ಭವಿಷ್ಯತ್ತು ಮತ್ತು ರೂಢಿ ನೆರೆಹೊರೆಯವರೇ. ಇನ್ನು ‘ಯೂಸ್ಡ್ ಟು’ ವಿಚಾರ. ‘ಯೂಸ್’ ಎಂದರೆ ಬಳಸು. ಒಂದಾನೊಂದು ಕಾಲಕ್ಕೆ ಅದಕ್ಕೆ ‘ರೂಢಿಯಿದೆ’ ಎಂಬ ಅರ್ಥವೂ ಇತ್ತು, ವರ್ತಮಾನದಲ್ಲಿಯೂ ಹಾಗೆ ಪ್ರಯೋಗಿಸುತ್ತಿದ್ದರು. ಕಾಲಕ್ರಮದಲ್ಲಿ ವರ್ತಮಾನದ ಪ್ರಯೋಗ ಸತ್ತು ಭೂತದ ರೂಪವೊಂದೇ ಉಳಿಯಿತು. ನಮ್ಮಲ್ಲಿ ‘ಬಳಸು’ ಧಾತುವಿನ ನೆಂಟನಾದ ‘ಬಳಕೆ’ಗೂ ಉಪಯೋಗ, ವಾಡಿಕೆ ಎಂಬ ಎರಡು ಅರ್ಥ ಇವೆಯಷ್ಟೆ. ಸಾವಿರಾರು ಮೈಲಿ ದೂರದ ಎರಡು ಜನಾಂಗಗಳು ಬಳಸಿದ್ದೇ ಬಳಕೆಯಾಗುತ್ತದೆಂದು ಬೇರೆ ಬೇರೆಯಾಗಿಯೇ ಕಂಡುಕೊಂಡಿವೆ.

ಹುಡುಗರು ಎಡವುವ ಜಾಗಗಳನ್ನೂ ಹೀಗೆ ಕನ್ನಡದ ಕಡೆಯಿಂದ ನೋಡಿದರೆ ಅವರು ದಡ್ಡರಲ್ಲವೆಂಬುದು ಗೊತ್ತಾಗುತ್ತದೆ. ‘ನಿನ್ನೆ ಸಿನಿಮಾಕ್ಕೆ ಹೋಗಿದ್ದೆ’ ಎನ್ನುವ ಹುಡುಗ ‘ಐ ಹ್ಯಾಡ್ ಗಾನ್’ ಎಂದು ಬರೆಯುತ್ತಾನೆ. ಕನ್ನಡದಲ್ಲಿ ‘ಹೋದೆ’ ಎಂದರೆ ಹೋದದ್ದಷ್ಟೆ, ‘ಹೋಗಿದ್ದೆ’ ಎಂದರೆ ಹೋಗಿ ಬಂದೂ ಆಯಿತು. ಆ ಸೂಕ್ಷ್ಮವನ್ನು ಅವನು ಇಂಗ್ಲಿಷಿಗೂ ಹೊತ್ತು ತರುತ್ತಾನೆ. ಇಂಗ್ಲಿಷಿಗೆ ಅದು ಬೇಡ, ಅಲ್ಲಿ ‘ವೆಂಟ್’ ಸಾಕು. ‘ಡಿಡ್ ನಾಟ್ ವೆಂಟ್’ ಎಂಬುದಂತೂ ಪ್ರಸಿದ್ಧವಾದ ತಪ್ಪು. ಅದಕ್ಕೆ ಮದ್ದೂ ನಮ್ಮ ಮನೆಯಲ್ಲೇ ಇದೆ. ‘ಹೋದ’ ಎಂಬುದನ್ನು ಅಲ್ಲಗಳೆಯುವಾಗ ನಾವು ‘ಹೋದಲಿಲ್ಲ’ ಎನ್ನುತ್ತೇವೆಯೇ? ‘ಹೋಗಲಿಲ್ಲ’ ಎನ್ನುತ್ತೇವೆ. ‘ಹೋಗಲ್’ ಎಂಬಲ್ಲಿ ಭೂತಕಾಲದ ಗುರುತೇ ಇಲ್ಲ. ಇಂಗ್ಲಿಷಿನಲ್ಲಿಯೂ ‘ನಾಟ್’ ಬಂದ ಕೂಡಲೇ ‘ವೆಂಟ್’ ತನ್ನ ಮೂಲ ‘ಗೋ’ಗೆ ಮರಳುತ್ತದೆ. ಇಷ್ಟು ಹೇಳಿದ ಮೇಲೆ ನನ್ನ ತರಗತಿಗಳಲ್ಲಿ ಆ ತಪ್ಪು ಮಾಡುವವರು ತೀರಾ ಕಡಿಮೆಯಾದರು. ಮಾಡಿದವನನ್ನು ಪಕ್ಕದವನೇ ‘ಹೋದಲಿಲ್ಲ’ ಎಂದು ಅಣಕಿಸಿ ತಿದ್ದುತ್ತಿದ್ದ.

ಎರಡು ಭಾಷೆಗಳನ್ನು ಹೀಗೆ ಎದುರುಬದುರು ಕೂರಿಸಿ ನೋಡುವುದು ಹೊಸ ವಿದ್ಯೆಯಲ್ಲ. ವಿಲಿಯಂ ಕೇರಿ 1817ರಲ್ಲಿ, ಜಾನ್ ಮೆಕೆರೆಲ್ 1820ರಲ್ಲಿ, ಥಾಮಸ್ ಹಾಡ್ಸನ್ 1859ರಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲಿ ವ್ಯಾಕರಣ ಬರೆದರು. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ, 1894ರಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳ ನಿಘಂಟು ಮುಗಿಸಿ, 1903ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರಕ್ಕೂ ಸೇರಿ ವ್ಯಾಕರಣ ಕೊಟ್ಟ. ಇವರೆಲ್ಲ ನಮ್ಮ ಕ್ರಿಯಾಪದದ ಮುಂದೆ ಕುಳಿತು, ‘ಇದಕ್ಕೆ ನಮ್ಮಲ್ಲಿ ಏನನ್ನಬೇಕು?’ ಎಂದು ಕೇಳಿಕೊಂಡವರು. ಹದಿಮೂರನೆಯ ಶತಮಾನದ ಕೇಶಿರಾಜ ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’ ಎಂದು ಮೂರು ಪ್ರತ್ಯಯಗಳಲ್ಲಿ ಕಾಲವನ್ನು ಕಟ್ಟಿಟ್ಟಿದ್ದ. ‘ಅರಿಯೆ’, ‘ಒಲ್ಲೆ’, ‘ಕಾಣೆ’ ಎಂಬ ನಿಷೇಧರೂಪಗಳಿಗಂತೂ ಕಾಲವೇ ಇಲ್ಲ. ಅರಿಯೆ ಎಂದರೆ ಆಗಲೂ ಅರಿಯೆ, ಈಗಲೂ ಅರಿಯೆ, ಮುಂದೂ ಅರಿಯೆ. ಲ್ಯಾಟಿನ್ ಕೋಷ್ಟಕ ಹಿಡಿದು ಬಂದವರಿಗೆ ಇದು ಎಂಥ ಬೆರಗಾಗಿರಬೇಕು! ಕನ್ನಡ ಕಲಿಯಲು ಬಂದ ಇಂಗ್ಲಿಷರಿಗೆ ಅವರ ಭಾಷೆಯ ಆಸರೆ ಕೊಟ್ಟು ಕಲಿಸಿದರು. ಇಂಗ್ಲಿಷ್ ಕಲಿಯಲು ಹೋದ ಕನ್ನಡ ಮಕ್ಕಳಿಗೆ ಮಾತ್ರ ಕೋಷ್ಟಕ ಸಿಕ್ಕಿತು, ಆಸರೆ ಸಿಗಲಿಲ್ಲ. ಹಳೆಯ ಪರೀಕ್ಷೆಗಳಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಭಾಷಾಂತರ ಮಾಡುವ ಒಂದು ಪ್ರಶ್ನೆ ಇರುತ್ತಿತ್ತು. ಆ ಒಂದು ಕಿಂಡಿಯಲ್ಲಿ ಗಾಳಿ ಆಡುತ್ತಿತ್ತು, ಅಷ್ಟೆ.

ಸ್ವಾತಂತ್ರ್ಯ ಬಂದ ಮೇಲೆ ಆ ಕಿಂಡಿಯನ್ನೂ ಮುಚ್ಚಿದರು. ಮುಚ್ಚಿದವರ ಉದ್ದೇಶ ಕೆಟ್ಟದ್ದಲ್ಲ. ಕಂಠಪಾಠ ಹೋಗಲಿ, ಭಾಷೆ ಬಾಯಲ್ಲಿ ಬರಲಿ ಎಂದು ಐವತ್ತರ, ಅರವತ್ತರ ದಶಕಗಳಲ್ಲಿ ವಾಕ್ಯರಚನಾ ಪದ್ಧತಿಯೆಂಬುದು ಬಂತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ನಮ್ಮ ವಿ. ಕೃ. ಗೋಕಾಕರು ಕೆಲವು ವರ್ಷ ಅದರ ನಿರ್ದೇಶಕರಾಗಿದ್ದರು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. ಹೊಸ ಪದ್ಧತಿಯಂತೆ ತರಗತಿಯಲ್ಲಿ ಕನ್ನಡ ಆಡಕೂಡದು, ವ್ಯಾಕರಣದ ಹೆಸರು ಎತ್ತಕೂಡದು, ಮಾಡಿ ತೋರಿಸಬೇಕು. ‘ನಾನು ಬಾಗಿಲು ತೆರೆಯುವವನಿದ್ದೇನೆ’ ಎಂದು ಇಂಗ್ಲಿಷಿನಲ್ಲಿ ಹೇಳಿ ಬಾಗಿಲ ಕಡೆ ಹೊರಡಬೇಕು. ‘ತೆರೆಯುತ್ತಿದ್ದೇನೆ’ ಎನ್ನುತ್ತ ತೆರೆಯಬೇಕು. ‘ತೆರೆದಿದ್ದೇನೆ’ ಎಂದು ತಿರುಗಿ ನಿಲ್ಲಬೇಕು. ಎಪ್ಪತ್ತರ ಆಸುಪಾಸಿನಲ್ಲಿ ನನ್ನ ತರಬೇತಿಯ ಕಾಲಕ್ಕೆ ನಾನು ತೆರೆದು ಮುಚ್ಚಿದ ಬಾಗಿಲುಗಳಿಗೆ ಲೆಕ್ಕವಿಲ್ಲ. ನಡೆಯುತ್ತಿರುವುದನ್ನು, ಈಗಷ್ಟೇ ಮುಗಿದದ್ದನ್ನು ಹೀಗೆ ನಟಿಸಿ ತೋರಿಸಬಹುದು. ಹಿಂದಿನ ರೂಢಿಯನ್ನು ನಟಿಸುವುದು ಹೇಗೆ? ಇಪ್ಪತ್ತು ವರ್ಷ ದಿನಾ ಹೋಗುತ್ತಿದ್ದು ಈಗ ಹೋಗದಿರುವುದನ್ನು ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಯಾವ ಮೇಷ್ಟ್ರು ಅಭಿನಯಿಸಿಯಾನು? ಅದಕ್ಕೆ ಮಾತೇ ಬೇಕು, ಮಗುವಿಗೆ ಗೊತ್ತಿರುವ ಮಾತು ಬೇಕು. ಒಮ್ಮೆ ನಾನು ಕರಿಹಲಗೆಯ ಮೇಲೆ ‘ಹೋಗುತ್ತಿದ್ದೆ’ ಎಂದು ಬರೆದು ಪಾಠ ನಡೆಸಿದ್ದಾಗ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಅಕ್ಷರ ಕಂಡಿತೆಂದು ರಿಜಿಸ್ಟರಿನಲ್ಲಿ ಷರಾ ಬರೆದು ಹೋದರು. ಮಕ್ಕಳಿಗೆ ತಿಳಿಯಿತೇ ಎಂದು ಅವರು ಕೇಳಲಿಲ್ಲ.

ಇದಕ್ಕೆ ಎದುರಾಗಿ, ಅಭ್ಯಾಸದ ಕೋಷ್ಟಕಗಳೇ ಬೇಡವೆಂದು ಹೇಳಿದವರು ಎನ್. ಎಸ್. ಪ್ರಭು. ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆಯ ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಮಕ್ಕಳಿಗೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಕೊಟ್ಟು, ಯಾವ ಗಾಡಿ ಹಿಡಿದರೆ ಎಷ್ಟು ಹೊತ್ತಿಗೆ ತಲುಪಬಹುದು ಎಂಬಂಥ ಸಮಸ್ಯೆ ಒಡ್ಡುವುದು. ಮನಸ್ಸು ಅರ್ಥದ ಮೇಲಿರುವಾಗ ವ್ಯಾಕರಣ ತಾನಾಗಿ ಒಳಗೆ ಬೆಳೆಯುತ್ತದೆಂಬುದು ಅವರ ನಂಬಿಕೆ. 1987ರಲ್ಲಿ ಪುಸ್ತಕವಾಗಿ ಬಂದ ಈ ವಿಚಾರ ಜಗತ್ತಿನ ಭಾಷಾಬೋಧಕರ ನಡುವೆ ‘ಬೆಂಗಳೂರು ಪ್ರಯೋಗ’ವೆಂದೇ ಹೆಸರಾಯಿತು. ಅದನ್ನು ಒಪ್ಪಿದವರಿದ್ದಾರೆ, ಅದರ ಮಾಪನ ಸಾಲದೆಂದವರಿದ್ದಾರೆ. ಬೆಂಗಳೂರಿನಿಂದ ನೂರು ಮೈಲಿಯೊಳಗಿದ್ದ ನನ್ನ ಶಾಲೆಗೆ ಮಾತ್ರ ಅದರ ಸುದ್ದಿ ಬರಲಿಲ್ಲ. ನಾನು ಆ ಪುಸ್ತಕ ಓದುವ ಹೊತ್ತಿಗೆ ನನ್ನ ತಲೆ ನೆರೆತಿತ್ತು. ಓದಿದಾಗ ನಮ್ಮ ಕಚ್ಚೆಪಂಚೆಯ ಮೇಷ್ಟ್ರು ನೆನಪಾದರು. ಇಬ್ಬರ ದಾರಿ ಬೇರೆ. ಆದರೆ ಮಗುವಿನ ತಲೆ ಖಾಲಿ ಕೊಡವಲ್ಲ ಎಂಬ ತಿಳಿವಳಿಕೆ ಇಬ್ಬರದೂ ಒಂದೇ.

ಕಾಲಗಳ ಹಾಗೆಯೇ ಇನ್ನೊಂದು ಕಂಠಪಾಠ ಸಮಾನಾರ್ಥಕ ಪದಗಳದು. ಎಡಗಡೆ ಹತ್ತು, ಬಲಗಡೆ ಹತ್ತು, ಗೆರೆ ಎಳೆದು ಜೋಡಿಸಿ. ಇದೂ ನಮಗೆ ಹೊಸದಲ್ಲ. ನಮ್ಮ ತಾತ ಕೂಲಿಮಠದಲ್ಲಿ ಅಮರಕೋಶದ ಶ್ಲೋಕಗಳನ್ನು ಬಾಯಿಪಾಠ ಮಾಡಿದವರು. ಬೆಂಕಿಗೆ, ನೀರಿಗೆ, ಸೂರ್ಯನಿಗೆ ಇರುವ ಹೆಸರುಗಳನ್ನು ಎಂಬತ್ತರ ವಯಸ್ಸಿನಲ್ಲೂ ಉಸಿರು ಬಿಡದೆ ಹೇಳುತ್ತಿದ್ದರು. ಕನ್ನಡದಲ್ಲಿಯೂ ರನ್ನನ ‘ರನ್ನಕಂದ’, ಎರಡನೆಯ ನಾಗವರ್ಮನ ‘ಅಭಿಧಾನ ವಸ್ತುಕೋಶ’ ಮುಂತಾದ ಪದ್ಯದ ನಿಘಂಟುಗಳ ಪರಂಪರೆಯೇ ಇದೆ. ಇಂಗ್ಲಿಷಿನ ಅಮರಸಿಂಹನೆಂದರೆ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ. ಎಪ್ಪತ್ತಮೂರರ ವಯಸ್ಸಿನಲ್ಲಿ, 1852ರಲ್ಲಿ, ಆತ ತನ್ನ ಪದಕೋಶವನ್ನು ಪ್ರಕಟಿಸಿದ. ಅಮರಸಿಂಹನಂತೆ ಅವನೂ ಪದಗಳನ್ನು ಅಕಾರಾದಿಯಲ್ಲಿ ಜೋಡಿಸದೆ ಅರ್ಥದ ವರ್ಗಗಳಾಗಿ ವಿಂಗಡಿಸಿದ.

ಒಂದೇ ವಸ್ತುವಿಗೆ ಇಷ್ಟು ಪದ ಏಕೆ ಎಂದು ಹುಡುಗರು ಕೇಳುತ್ತಿದ್ದರು. ಕೇಳಬೇಕಾದ ಪ್ರಶ್ನೆಯೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಸ್ಥಾನಗಳಿಗೆ ಫ್ರೆಂಚು ಬಂತು, ಹೊಲದಲ್ಲಿ ಹಳೆಯ ಇಂಗ್ಲಿಷು ಉಳಿಯಿತು. ಹೀಗಾಗಿ ‘ಬಿಗಿನ್’ ಮನೆಯ ಮಾತು, ‘ಕಮೆನ್ಸ್’ ಕಚೇರಿಯ ಮಾತು. ಮೇಯುವಾಗ ‘ಶೀಪ್’ ಆಗಿದ್ದ ಕುರಿ ತಟ್ಟೆಗೆ ಬಂದಾಗ ‘ಮಟನ್’. ನಮ್ಮಲ್ಲಿ ಈ ಕೆಲಸ ಮಾಡಿದ್ದು ಸಂಸ್ಕೃತ. ನೀರು ಕುಡಿಯುತ್ತೇವೆ, ಜಲಾಶಯ ಕಟ್ಟುತ್ತೇವೆ. ಮನೆಯಲ್ಲಿ ಊಟ, ಮದುವೆಯ ಪತ್ರಿಕೆಯಲ್ಲಿ ಭೋಜನ. ಇದನ್ನು ಹೇಳಿಕೊಟ್ಟರೆ ಸಮಾನಾರ್ಥಕವೆಂಬುದು ಸರಿಸಮಾನವಲ್ಲ, ಪ್ರತಿ ಪದಕ್ಕೂ ಒಂದು ಸ್ಥಾನಮಾನ ಉಂಟು ಎಂಬುದು ಮಗುವಿಗೆ ಥಟ್ಟನೆ ಹೊಳೆಯುತ್ತದೆ. ಹೇಳಿಕೊಡದಿದ್ದರೆ ಎರಡು ಗೆರೆಗಳ ನಡುವೆ ಎಲ್ಲ ಪದವೂ ಒಂದೇ.

ಇದಕ್ಕೆ ನಮ್ಮೂರಿನ ದೃಷ್ಟಾಂತವೊಂದಿದೆ. ಮೊದಲು ಊರಿಗೆ ತಂತಿ ಬಂದರೆ ಅದನ್ನು ಓದಲು ಇಂಗ್ಲಿಷ್ ಬಲ್ಲ ಹುಡುಗನನ್ನು ಹುಡುಕುತ್ತಿದ್ದರು. ಪದಕ್ಕಿಷ್ಟು ಎಂದು ಕಾಸು ಕೊಡಬೇಕಾದ್ದರಿಂದ ತಂತಿಯಲ್ಲಿ ಕಾಲಗಳ ಆಡಂಬರ ಇರುತ್ತಿರಲಿಲ್ಲ. ‘ಮದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯೇಟ್ಲಿ’. ಇಲ್ಲವೇ ‘ಫಾದರ್ ಎಕ್ಸ್‌ಪೈರ್ಡ್’. ‘ಡೈಡ್’ ಎಂದು ಬರೆಯುವುದು ಒರಟೆನಿಸಿ, ಯಾರೋ ಗುಮಾಸ್ತರು ‘ಎಕ್ಸ್‌ಪೈರ್ಡ್’ ಎಂಬ ಮರ್ಯಾದೆಯ ಪದ ಹುಡುಕಿರಬೇಕು. ನಾವೂ ಸತ್ತರು ಎನ್ನದೆ ತೀರಿಕೊಂಡರು, ಕಾಲವಾದರು, ಶಿವಾಧೀನರಾದರು, ವೈಕುಂಠವಾಸಿಗಳಾದರು ಎನ್ನುವವರಲ್ಲವೇ? ಅದೇ ಸಂಕೋಚ ಇಂಗ್ಲಿಷಿಗೂ ಹತ್ತಿತು. ಭಾರತದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಆದರೆ ಅಕ್ಷರ ಬಾರದ ಮುದುಕಿಯರೂ ಇಂದಿಗೂ ‘ಅವರು ಎಕ್ಸ್‌ಪೈರ್ ಆಗ್ಬಿಟ್ರು’ ಎನ್ನುತ್ತಾರೆ. ಯಾವ ಶಾಲೆಯೂ ಕಲಿಸದ ಈ ಪರ್ಯಾಯ ಪದವನ್ನು ಊರು ತಾನೇ ಕಲಿಯಿತು, ಏಕೆಂದರೆ ಅದರ ಹಿಂದೆ ಒಂದು ಸಾವು, ಒಂದು ಪ್ರಯಾಣ, ಒಂದು ಅಳು ಇತ್ತು.

ಈ ಎಲ್ಲದರ ನಡುವೆ ನನ್ನ ಮನಸ್ಸಿನಿಂದ ಮರೆಯಾಗದವನು ನನ್ನ ಬಾಲ್ಯದ ಒಬ್ಬ ಗೆಳೆಯ. ಕಥೆ ಹೇಳಲು ನಿಂತರೆ ಅವನ ಸಮ ಇರಲಿಲ್ಲ. ‘ಹೋಗ್ತಿದ್ದ, ಹೋದ, ಹೋಗಿದ್ನಂತೆ, ಹೋಗಿರ್ತಾನೆ ಅನ್ಕೊಂಡ್ರೆ ಹೋಗೇ ಇರಲಿಲ್ಲ’ ಎಂದು ಒಂದೇ ಉಸಿರಿನಲ್ಲಿ ಆರು ಕಾಲಗಳನ್ನು ಚೆಂಡಿನ ಹಾಗೆ ಆಡಿಸುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದರಲ್ಲಿ ಮೂರು ಸಲ ಕೂತ. ಮೂರನೆಯ ಸಲವೂ ಹೋದ ಮೇಲೆ ತೆಂಗಿನ ತೋಟಕ್ಕೆ ನಿಂತ. ತೋಟವನ್ನು ಚೆನ್ನಾಗಿಯೇ ನೋಡಿಕೊಂಡ, ಮಕ್ಕಳನ್ನು ಓದಿಸಿದ. ಆದರೆ ಸಾಯುವವರೆಗೂ ನನ್ನೆದುರು “ನಮ್ಮಂಥ ದಡ್ರಿಗೆ ಅದೆಲ್ಲ ಎಲ್ಲಿ ಬರುತ್ತೆ ಬಿಡಪ್ಪ” ಎನ್ನುತ್ತಿದ್ದ. ಅವನಿಗೆ ಬರುತ್ತಿತ್ತು. ಅವನಿಗೆ ಬರುತ್ತಿದ್ದುದನ್ನು ಕೇಳುವ ಪ್ರಶ್ನೆಪತ್ರಿಕೆ ಇರಲಿಲ್ಲ. ನಮ್ಮ ಇಂಗ್ಲಿಷ್ ಬೋಧನೆಯ ಇತಿಹಾಸದಲ್ಲಿ ಆಯೋಗಗಳ, ಪದ್ಧತಿಗಳ ಹೆಸರುಗಳಿವೆ. ಹೀಗೆ ತಮ್ಮನ್ನು ದಡ್ಡರೆಂದು ನಂಬಿ ಹಿಂದಿರುಗಿದವರ ಲೆಕ್ಕ ಎಲ್ಲಿಯೂ ಇಲ್ಲ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೇ ಶುರುವಾದವು. ಎಷ್ಟನೆಯ ತರಗತಿಯಿಂದ ಎಂಬುದರ ಬಗ್ಗೆ ನಾವು ಮಾಡಿದಷ್ಟು ಚರ್ಚೆಯನ್ನು ಹೇಗೆ ಎಂಬುದರ ಬಗ್ಗೆ ಮಾಡಲಿಲ್ಲ. ಕನ್ನಡ ಬೇಕೆನ್ನುವವರು, ಇಂಗ್ಲಿಷ್ ಬೇಕೆನ್ನುವವರು ಇಬ್ಬರೂ ಒಂದು ಭಾಷೆ ಬಂದರೆ ಇನ್ನೊಂದು ಹೊರಗೆ ಹೋಗಬೇಕೆಂಬಂತೆ ವಾದಿಸುತ್ತಾರೆ. ಒಂದರ ಕೈ ಹಿಡಿದು ಇನ್ನೊಂದು ಬರಬಹುದೆಂಬುದನ್ನು ನಾನು ಕರಿಹಲಗೆಯ ಮೇಲಿನ ಮೂರು ಸಾಲುಗಳಲ್ಲಿ ಕಂಡಿದ್ದೇನೆ.

ಮೊನ್ನೆ ನಮ್ಮ ಪಕ್ಕದ ಮನೆಯ ಏಳನೆಯ ತರಗತಿಯ ಹುಡುಗಿ ‘ಯೂಸ್ಡ್ ಟು’ ಹಾಕಿ ಹತ್ತು ವಾಕ್ಯ ಬರೆಯಬೇಕೆಂದು ಪುಸ್ತಕ ಹಿಡಿದು ಬಂದಳು. “ನಿಮ್ಮಜ್ಜಿ ಹತ್ರ ಹೋಗಿ, ಚಿಕ್ಕೋರಿದ್ದಾಗ ಏನೇನು ಮಾಡ್ತಿದ್ರಿ ಅಂತ ಕೇಳಮ್ಮ. ಅವರು ಹೇಳಿದ್ದನ್ನ ಬರ್ಕೊಂಡು ಬಾ” ಎಂದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಜ್ಜಿಯ ದನಿ ಕಾಂಪೌಂಡಿನಾಚೆಯಿಂದ ಕೇಳತೊಡಗಿತು. ಸೇದುಬಾವಿಯಲ್ಲಿ ನೀರು ಸೇದ್ತಿದ್ವಿ, ರಾಗಿ ಬೀಸ್ತಿದ್ವಿ, ಸೀಗೆಕಾಯಿ ಕುಟ್ತಿದ್ವಿ, ನಡಕೊಂಡೇ ಜಾತ್ರೆಗೆ ಹೋಗ್ತಿದ್ವಿ. ಒಂದು ಗಂಟೆಯಾದರೂ ಮುಗಿಯಲಿಲ್ಲ. ಹತ್ತು ವಾಕ್ಯದ ಬದಲು ಹುಡುಗಿ ಇಪ್ಪತ್ತಮೂರು ಬರೆದಿದ್ದಳು. ಪ್ರತಿಯೊಂದನ್ನೂ ಕನ್ನಡದಲ್ಲಿ ಅಜ್ಜಿಗೆ ಓದಿ ಹೇಳಿದಳಂತೆ. ಒಂದು ವಾಕ್ಯಕ್ಕೆ ಮಾತ್ರ ಅಜ್ಜಿ ತಕರಾರು ತೆಗೆದರು. “ಎಲಡಿಕೆ ಹಾಕ್ಕೋತಿದ್ರು ಅಂತ ಯಾಕೆ ಬರ್ದೆ? ಈಗ್ಲೂ ಹಾಕ್ಕೋತೀನಲ್ಲೇ. ನಾನೇನು ಸತ್ತೋಗಿದೀನಾ?”

ಹುಡುಗಿ ನಗುತ್ತ ಬಂದು ಆ ಸಾಲನ್ನು ಹೊಡೆದುಹಾಕಿ ‘ಚ್ಯೂಸ್’ ಎಂದು ತಿದ್ದಿದಳು. ನಾನು ಸೇರಿಸಿ ಹೇಳಬೇಕಾದ್ದು ಏನೂ ಇರಲಿಲ್ಲ.